ನಲವತ್ತು ಡಬ್ಬಿಗೆ ಒಂದು ಗೊನೆ

ಮಾಪಣ್ಣನ ವಂಶವೆಂದರೆ ಅಂತಿಂಥ ವಂಶವಲ್ಲ! ಮುತ್ತಜ್ಜ ಸೂಗಪ್ಪನಿಗೆ ಒಮ್ಮೆ ಕಡುಬೇಸಿಗೆಯ ದಾರಿಯಲ್ಲಿ ಯಾರೋ ಒಂದು ತಂಬಿಗೆ ನೀರು ಕೊಟ್ಟರಂತೆ. ಸೂಗಪ್ಪ ನೀರು ಕುಡಿದ, ಮೀಸೆ ಒರೆಸಿಕೊಂಡ, ಅಲ್ಲೇ ಕಚ್ಚೆ ಬಿಗಿದು ಆ ಮನುಷ್ಯನ ಹೊಲದಲ್ಲಿ ಎಂಟು ದಿನ ಬಾವಿ ತೋಡಿ, ನೀರು ಕಂಡ ಮೇಲೆಯೇ ಮುಂದಕ್ಕೆ ನಡೆದ. ಅವನು ಹೊರಟಿದ್ದದ್ದು ತನ್ನ ಮದುವೆಗೆ ಎಂಬುದು ಬೇರೆ ಮಾತು! ಅಜ್ಜ ಧೂಳಪ್ಪ ಒಬ್ಬರ ಮನೆಯ ಊಟದಲ್ಲಿ ಎರಡು ಹೋಳಿಗೆ ಹೆಚ್ಚಿಗೆ ತಿಂದ ಋಣಕ್ಕೆ ಮೂರು ಸುಗ್ಗಿ ಅವರ ಕಣದಲ್ಲಿ ಜೋಳದ ರಾಶಿ ಮಾಡಿದ. "ಸಾಕಪ್ಪಾ, ಇನ್ನ ಮನೀಗಿ ಹೋಗು" ಎಂದು ಅವರೇ ಕೈ ಮುಗಿದರೂ ಕೇಳಲಿಲ್ಲ. ಅಪ್ಪ ಭೀಮಶಾನದಂತೂ ಹೇಳುವುದೇ ಬೇಡ. ಒಂದು ಮಳೆಯ ಮಟ್ಟಿಗೆ ಪಕ್ಕದವರ ಹರಕು ಛತ್ರಿ ಇಸಿದುಕೊಂಡು ಬಂದವನು, ಹಾಗೇ ಹಿಂದಿರುಗಿಸಿದರೆ ಮರ್ಯಾದೆಯಲ್ಲವೆಂದು ಹೊಸ ಬಟ್ಟೆ ಹೊದಿಸಿ, ಕಡ್ಡಿ ಬದಲಿಸಿ, ಹಿಡಿಕೆಯನ್ನೂ ಸಾಗವಾನಿಯದು ಮಾಡಿಸಿ ಒಯ್ದು ಕೊಟ್ಟ. "ಇದು ನಮ್ಮ ಛತ್ರೀನೇ ಅಲ್ಲ" ಎಂದು ಅವರು ತೆಗೆದುಕೊಳ್ಳಲೇ ಇಲ್ಲ! ಆ ಛತ್ರಿ ಮೊನ್ನೆ ಮೊನ್ನೆಯವರೆಗೂ ಮಾಪಣ್ಣನ ಮನೆಯ ಗೂಟಕ್ಕೆ, ಭೀಮಶಾನ ಫೋಟೊದ ಪಕ್ಕದಲ್ಲೇ ತೂಗುತ್ತಿತ್ತು.

ಇಂಥ ಹಿರಿಯರ ಕುಡಿಯಾದ ಮಾಪಣ್ಣ, ನಂದೂರಿನ ಬೇಳೆ ಮಿಲ್ಲಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದು, ಮೋಟರಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುತ್ತಿದ್ದವನು, ಈಗ ಶರಣಸಿರಸಗಿಯ ಹೊಸ ಬಡಾವಣೆಯಲ್ಲಿ ತನ್ನ ಮನೆಯ ಅಡುಗೆಮನೆಯೊಳಗೆ ನಿಂತು, ಒಂದು ಸ್ಟೀಲ್ ಡಬ್ಬಿಯನ್ನು ಕೈಯಲ್ಲೆತ್ತಿ ಗುಡುಗಿದ:

"ನಲವತ್ತ ಡಬ್ಬಿ ಋಣಾ ಒಂದೇ ಏಟಿಗೆ ತೀರಸ್ತೀನಿ! ಮಂದಿ ಬಾಯಿ ಮ್ಯಾಲ ಬೊಟ್ಟ ಇಟ್ಕೋಬೇಕು!"

"ಮೊದಲ ಡಬ್ಬಿ ಕೆಳಗ ಇಡ್ರಿ. ಬಿದ್ದು ನೆಗ್ಗಿದ್ರ ನಲವತ್ತೊಂದ ಆಗ್ತಾವ" ಎಂದಳು ಹೆಂಡತಿ ಶೇವಂತಾ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಡಬ್ಬಿಯ ಕಥೆ ಇಷ್ಟು. ಮಳೆಗಾಲದಲ್ಲಿ ಮಾಪಣ್ಣ ಟ್ಯೂಬ್‌ಲೈಟ್ ಬದಲಿಸಲು ಸ್ಟೂಲು ಹತ್ತಿದ್ದ. ಎದುರುಮನೆಯ ಇಮಾಮುದ್ದೀನ್ "ಸ್ಟೂಲ ಹಿಡೀತೀನಿ ತಡಿಯೋ" ಎಂದು ಬಂದ. "ಫಿಟ್ಟರಗ ಸ್ಟೂಲ ಹಿಡಿಯೋ ಮಂದಿ ಬೇಕೇನೋ?" ಎಂದು ಮಾಪಣ್ಣ ಅವನತ್ತ ತಿರುಗಿದ. ಸ್ಟೂಲು ಇನ್ನೊಂದು ಕಡೆ ತಿರುಗಿತು. ಕಾಲಿನ ಎಲುಬು ಮೂರನೆಯ ಕಡೆ ತಿರುಗಿತು! ಅವನನ್ನು ಆಸ್ಪತ್ರೆಗೆ ಹೊತ್ತವನೂ ಇಮಾಮುದ್ದೀನನೇ. ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ ನಲವತ್ತು ದಿನ, ಇಮಾಮುದ್ದೀನನ ಹೆಂಡತಿ ಫರೀದಾ ದಿನಕ್ಕೊಂದು ಡಬ್ಬಿ ಕಳಿಸಿದಳು. ಒಂದು ದಿನ ಖಿಚಡಿ, ಒಂದು ದಿನ ತೊಗರಿಬೇಳೆಯ ಖಟ್ಟಾ, ಒಂದು ದಿನ ಶಾವಿಗೆ ಪಾಯಸ. ಬಂದ ಡಬ್ಬಿಯನ್ನು ಖಾಲಿ ಕಳಿಸಬಾರದೆಂಬುದು ನಮ್ಮ ಕಡೆಯ ಹಳೆಯ ಕಟ್ಟಳೆ. ಅನ್ನ ಬಂದ ಪಾತ್ರೆ ಬರಿಗೈಲಿ ಹೊರಳಿ ಹೋಗಬಾರದು. ಆದರೆ ಗಂಡನ ಕಾಲು ಹಿಡಿದು ಕುಳಿತ ಶೇವಂತಾಗೆ ಪುರಸತ್ತೆಲ್ಲಿ? ಡಬ್ಬಿ ತೊಳೆದು, ಒಂದು ಚಮಚ ಸಕ್ಕರೆ ಹಾಕಿ ಕಳಿಸಿಬಿಡುತ್ತಿದ್ದಳು. ಎದ್ದು ಓಡಾಡಲು ಶುರುವಾದ ಮೇಲೆ ಈ ಸುದ್ದಿ ಮಾಪಣ್ಣನ ಕಿವಿಗೆ ಬಿತ್ತು.

"ನಲವತ್ತ ದಿನಾನೂ ಬರೇ ಸಕ್ಕರೀನ? ಸೂಗಪ್ಪನ ಮನೆತನದಾಗ ಚಮಚಾ ಸಕ್ಕರಿ?"

"ಮತ್ತೇನು ನಿಮ್ಮ ಕಾಲ ಮುರದ ಹಾಕಿ ಕಳಸಬೇಕಾಗಿತ್ತೇನ್ರಿ?"

ಕೊನೆಯ ಡಬ್ಬಿ ಇನ್ನೂ ಹಿಂದಿರುಗಿರಲಿಲ್ಲ. ಅದನ್ನೇ ಮಾಪಣ್ಣ ಈಗ ಗದೆಯಂತೆ ಎತ್ತಿ ಹಿಡಿದಿದ್ದ.

ನಿಜ ಹೇಳಬೇಕೆಂದರೆ, ಸಕ್ಕರೆಯ ನೋವು ಮೇಲಿನ ಸಿಪ್ಪೆ. ಒಳಗಿನ ತಿರುಳೇ ಬೇರೆ. ಆ ತಿರುಳಿನ ಹೆಸರು ಅಮರನಾಥ!

ಬ್ಯಾಂಕಿನಿಂದ ನಿವೃತ್ತನಾದ ಈ ಅಮರನಾಥ ಬಡಾವಣೆಗೆ ಹೊಸಬ. ಬಿಳಿ ಕಾರು, ಬಿಳಿ ಬೂಟು, ಬಿಳಿ ಮನಸ್ಸು. ಯಾರು ಏನೆಂದರೂ "ಹೌದ್ರಿ, ಹೌದ್ರಿ" ಎನ್ನುವ ಮನುಷ್ಯ. ಮಾಪಣ್ಣ ಮಂಚ ಹಿಡಿದಿದ್ದ ಆ ನಲವತ್ತು ದಿನಗಳಲ್ಲೇ ಅವನು ಇಮಾಮುದ್ದೀನನ ಜೊತೆ ಬೆಳಗಿನ ಹೊತ್ತು ಅಡ್ಡಾಡಲು ಶುರುಮಾಡಿದ್ದ. ಇಬ್ಬರೂ ಕಾರಿನಲ್ಲಿ ಶರಣಬಸವೇಶ್ವರ ಗುಡಿಯ ಕಡೆ ಹೋಗಿ, ಕೆರೆಯ ಗಾಳಿ ತಿಂದು, ಚಹಾ ಕುಡಿದು ಬರುತ್ತಿದ್ದರು. ಮಾಪಣ್ಣ ಕಿಟಕಿಯಿಂದ ನೋಡುತ್ತ ಮಲಗಿರುತ್ತಿದ್ದ. ಎಲುಬು ದಿನದಿನಕ್ಕೆ ಕೂಡುತ್ತಿತ್ತು, ಎದೆ ದಿನದಿನಕ್ಕೆ ಬಿರಿಯುತ್ತಿತ್ತು.

ಯಾಕೆ ಬಿರಿಯಬಾರದು ಹೇಳಿ? ಇಮಾಮುದ್ದೀನ್ ಅದೇ ಮಿಲ್ಲಿನಲ್ಲಿ ಚೀಲ ಹೊಲಿಯುತ್ತಿದ್ದವನು. ಮೂವತ್ತೆರಡು ವರ್ಷ, ವರ್ಷಕ್ಕೊಮ್ಮೆ, ಮಿಲ್ಲಿಗೆ ರಜೆ ಬಿದ್ದ ದಿನ ಇಬ್ಬರೂ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದರು. ತೋಟದ ನೆರಳಲ್ಲಿ ಕುಳಿತು ಕೆಂಪು ಬಾಳೆಹಣ್ಣು ತಿಂದು, ಒಬ್ಬರನ್ನೊಬ್ಬರು ಮನಸಾರೆ ಬೈದುಕೊಂಡು ಬರುತ್ತಿದ್ದರು. ಕಾಶಿಯಾತ್ರೆಗೂ ಅಷ್ಟು ಪುಣ್ಯವಿಲ್ಲ! ಬಸ್ಸಿನ ಕಿಟಕಿಯ ಸೀಟು ಎಂದೂ ಮಾಪಣ್ಣನದೇ. ಇಮಾಮುದ್ದೀನ್ ಒಮ್ಮೆಯೂ ಬೇಡಿದವನಲ್ಲ.

ಈ ವರ್ಷ ಇಮಾಮುದ್ದೀನ್ ಬಾಗಿಲಿಗೆ ಬಂದು ಹೇಳಿದ: "ಮಾಪ್ಯಾ, ನಾಳಿಗಿ ಕಮಲಾಪುರ. ನಿನ್ನ ಕಾಲಿಗೆ ಬಸ್ಸಿನ ಧಕ್ಕಾ ಬ್ಯಾಡ. ಅಮರನಾಥ ಸಾಬ್ರು ಕಾರ ತರ್ತೀನಿ ಅಂದಾರ."

ಮಾಪಣ್ಣನಿಗೆ ಬೇವು ಅಗಿದಂತಾಯಿತು. ಆದರೆ ಅದೇ ಕ್ಷಣದಲ್ಲಿ ಅವನ ತಲೆಯಲ್ಲಿ ಕೆಂಪು ಬೆಳಕು ಹೊತ್ತಿತು. ಕಮಲಾಪುರದ ಕೆಂಪು ಬಾಳೆ! ಒಂದು ಹಣ್ಣಲ್ಲ, ಒಂದು ಡಜನ್ ಅಲ್ಲ, ಇಡೀ ಗೊನೆ! ಫರೀದಾಳ ಬಾಗಿಲಿಗೆ ಗೊನೆ, ಗೊನೆಯ ಮೇಲೆ ಡಬ್ಬಿ! ನಲವತ್ತು ಡಬ್ಬಿಗೂ ಒಂದೇ ಉತ್ತರ! ಆ ಬಿಳಿ ಬೂಟಿನವನು ನೋಡಲಿ, ಗೆಳೆತನ ಅಂದರೇನು ಅಂತ!

ಮರುದಿನ ಕಾರು ಬಂತು. ಮುಂದಿನ ಸೀಟಿನಲ್ಲಿ ಆಗಲೇ ಇಮಾಮುದ್ದೀನ್ ಕುಳಿತಿದ್ದ.

"ಮಾಪಣ್ಣೋರೆ, ನೀವು ಹಿಂದ ಆರಾಮ ಕಾಲ ಚಾಚ್ರಿ" ಎಂದ ಅಮರನಾಥ.

ಹಿಂದ! ಮೂವತ್ತೆರಡು ವರ್ಷ ಕಿಟಕಿಯಲ್ಲಿ ಕುಳಿತ ಅರಸನಿಗೆ ಹಿಂದಿನ ಸೀಟು! ಮಾಪಣ್ಣ ಕಾಲು ಚಾಚಿ ಕುಳಿತ. ಮುಖವನ್ನೂ ಚಾಚಿಯೇ ಕುಳಿತ.

ಆದರೆ ಗೆಳೆಯರ ಜೊತೆ ದಾರಿ ಹಿಡಿಯುವುದೆಂದರೆ ಹಾಗೇ ನೋಡಿ. ಸಿಟ್ಟು ಎಷ್ಟು ದೂರ ಬಂದೀತು? ಊರು ದಾಟಿತು. ರಸ್ತೆಯ ಎರಡೂ ಕಡೆ ತೊಗರಿ ಹೂವಿಗೆ ಬಂದು ಹಳದಿ ಹಾಸಿತ್ತು. ಮಹಾಗಾಂವ ಕ್ರಾಸಿನಲ್ಲಿ ಕಾರು ನಿಲ್ಲಿಸಿ ಬಿಸಿ ಮಿರ್ಚಿ ಭಜಿ, ಮಂಡಕ್ಕಿಯ ಸೂಸಲಾ ತಿಂದರು. ಖಾರಕ್ಕೆ ಅಮರನಾಥನ ಕಣ್ಣಲ್ಲಿ ನೀರು ಹರಿಯಿತು. ಮಾಪಣ್ಣನಿಗೆ ಅದು ಎಷ್ಟು ರುಚಿಸಿತೆಂದರೆ ಇನ್ನೆರಡು ಮಿರ್ಚಿ ಹೇಳಿದ. ಇಮಾಮುದ್ದೀನ್ ಮಿಲ್ಲಿನ ಹಳೆಯ ಮಾಲೀಕನ ನಡಿಗೆ ಮಾಡಿ ತೋರಿಸಿದ. ಮೂವರೂ ಹೊಟ್ಟೆ ಹಿಡಿದು ನಕ್ಕರು. ನಗುತ್ತ ನಗುತ್ತ ಮಾಪಣ್ಣ ಮರೆತು ಅಮರನಾಥನ ಬೆನ್ನಿಗೆ ಕೈಯಿಟ್ಟುಬಿಟ್ಟ. ನೆನಪಾದ ಕೂಡಲೇ ಕೆಂಡ ಮುಟ್ಟಿದಂತೆ ಹಿಂದಕ್ಕೆ ಎಳೆದುಕೊಂಡ.

ಕಮಲಾಪುರದಲ್ಲಿ ಅದೇ ಹಳೆಯ ತೋಟ. ತೋಟ ನೋಡಿಕೊಳ್ಳುವ ವಹಾಬ್ ಮೂವರಿಗೂ ಹಣ್ಣು ಕೊಟ್ಟ. ತಿನ್ನುವುದೆಲ್ಲ ಆದ ಮೇಲೆ ಮಾಪಣ್ಣ ಎದ್ದು ನಿಂತು, ಆಗಷ್ಟೇ ಕಡಿದು ಇಟ್ಟಿದ್ದ ಎದೆಯೆತ್ತರದ ಒಂದು ಗೊನೆಗೆ ಬೆರಳು ತೋರಿಸಿದ. ಕೆಂಪೆಂದರೆ ಕೆಂಪು, ಮದುಮಗಳ ಸೀರೆಯಂಥ ಕೆಂಪು!

"ಇದು ನನಗ ಬೇಕು."

ವಹಾಬ್ ತಲೆ ಕೆರೆದುಕೊಂಡ. "ಕಾಕಾ, ಇದು ಇನ್ನ ಕಾಯಿ ಅದ. ಬಣ್ಣಾ ನೋಡಿ ಮೋಸ ಹೋಗಬ್ಯಾಡ್ರಿ. ನಮ್ಮ ಬಾಳಿ ಕಾಯಿದ್ದಾಗೂ ಕೆಂಪೇ, ಹಣ್ಣಾದ ಮ್ಯಾಲೂ ಕೆಂಪೇ. ಎಂಟ ದಿನಾ ಬಿಡ್ರಿ."

ಮಾಪಣ್ಣನಿಗೂ ಒಂದು ಕ್ಷಣ ಅನುಮಾನ ಬಂತು. ಇನ್ನೇನು "ಹಂಗಾದ್ರ ಬ್ಯಾರೆ ಕೊಡು" ಅನ್ನುವವನೇ ಇದ್ದ. ಅಷ್ಟರಲ್ಲಿ ಹಿಂದಿನಿಂದ ಅಮರನಾಥನ ಮೆಲುದನಿ:

"ಹೌದ್ರಿ ಮಾಪಣ್ಣೋರೆ. ಕಾಯಿ ಇದ್ದಂಗ ಅದ."

ಮುಗಿಯಿತು! ಅಮರನಾಥ ಹೌದೆಂದ ಮೇಲೆ ಮಾಪಣ್ಣ ಅಲ್ಲವೆನ್ನಲೇಬೇಕಲ್ಲ!

"ಮಿಲ್ಲಿನ್ಯಾಗ ಕಾಳ ಮುಟ್ಟಿ ನೋಡಿ ಹಸೀನೋ ಒಣಾನೋ ಹೇಳಾವ ನಾನು. ನನಗ ಕಾಯಿ ಹಣ್ಣ ಗೊತ್ತಾಗಂಗಿಲ್ಲೇನು? ಕಟ್ಟೋ ವಹಾಬ್! ನಾಳಿ ಮಧ್ಯಾಹ್ನ ಫರೀದಾ ಭಾಭಿ ಡಬ್ಬಿ ವಾಪಸ್ ಬರ್ತದ. ಇದರ ಹಣ್ಣಿನ ಜೋಡಿ!"

"ಅರೇ ಮಾಪ್ಯಾ, ಡಬ್ಬಿ ಯಾರು ಕೇಳ್ಯಾರೋ?" ಎಂದ ಇಮಾಮುದ್ದೀನ್.

"ನೀ ಕೇಳಂಗಿಲ್ಲ. ನಮ್ಮ ಮುತ್ಯಾ ಸೂಗಪ್ಪ ಕೇಳ್ತಾನ!"

ಅಮರನಾಥ ತಾನೂ ಒಂದು ಡಜನ್ ಕೊಂಡ. ಹಣ್ಣಾದದ್ದು. ಫರೀದಾಗೆಂದು. ಮಾಪಣ್ಣ ದಾರಿಯುದ್ದಕ್ಕೂ ತನ್ನ ಗೊನೆಯನ್ನು ಹಿಂದಿನ ಸೀಟಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು, ಆ ಒಂದು ಡಜನ್ನಿನ ಚೀಲವನ್ನು ಸವತಿಯಂತೆ ದಿಟ್ಟಿಸುತ್ತ ಬಂದ.

ಮನೆಗೆ ಬಂದು ಒಂದು ಕಾಯಿ ಕಿತ್ತು ಕಚ್ಚಿದ. ಹಲ್ಲು ಅಲುಗಾಡಿತೇ ಹೊರತು ಕಾಯಿ ಅಲುಗಾಡಲಿಲ್ಲ. ವಹಾಬ್ ಹೇಳಿದ್ದು ಖರೆ. ಅದಕ್ಕಿಂತ ದೊಡ್ಡ ದುಃಖ, ಅಮರನಾಥ ಹೇಳಿದ್ದೂ ಖರೆ!

ಮರುದಿನ ಬೆಳಗ್ಗೆ ಶೇವಂತಾ ಮಗಳು ತ್ರಿವೇಣಿಯ ಮನೆಗೆ ಹೊರಟಳು. "ಮಧ್ಯಾಹ್ನಕ್ಕ ಬರ್ತೀನಿ. ಮನ್ಯಾಗ ಸುಮ್ಮ ಕುಂಡ್ರಿ. ಏನೂ ರಿಪೇರಿ ಮಾಡಾಕ ಹೋಗಬ್ಯಾಡ್ರಿ" ಎಂದು ಮೂರು ಸಲ ಹೇಳಿ ಹೋದಳು. ಅವಳ ಆಟೊ ತಿರುವು ದಾಟಿತೋ ಇಲ್ಲವೋ, ಮಾಪಣ್ಣ ಎದ್ದ.

ಹಿರಿಯರು ಬಾಳೆಗೊನೆಗೆ ಹೊಗೆ ಕೊಟ್ಟು ಹಣ್ಣು ಮಾಡುತ್ತಿದ್ದದ್ದು ಅವನು ಕಂಡದ್ದೇ. ಕುಣಿ ತೋಡಿ, ಸೊಪ್ಪು ಮುಚ್ಚಿ, ಸಣ್ಣಗೆ ಹೊಗೆಯಾಡಿಸಿ, ಎರಡು ದಿನ ಬಿಡುತ್ತಿದ್ದರು. ಅವನಿಗೆ ಇದ್ದದ್ದು ಅರ್ಧ ದಿನ. ಫಿಟ್ಟರ್ ಲೆಕ್ಕ ಹಾಕಿದ: ಹೊಗೆ ನಾಲ್ಕು ಪಟ್ಟು ಕೊಟ್ಟರೆ ಹೊತ್ತು ನಾಲ್ಕರಲ್ಲಿ ಒಂದು ಪಾಲು! ಲೆಕ್ಕದಲ್ಲಿ ತಪ್ಪೆಲ್ಲಿದೆ?

ಕುಣಿಗೆ ಬದಲು ಬಚ್ಚಲಮನೆ. ನಡುವೆ ಸ್ಟೂಲು, ತಾನು ಬಿದ್ದ ಅದೇ ಸ್ಟೂಲು. ಅದರ ಮೇಲೆ ಗೊನೆಯನ್ನು ನೆಟ್ಟಗೆ ಕೂರಿಸಿದ. ಬೆಚ್ಚಗಿರಲೆಂದು ತನ್ನ ಕಂಬಳಿ ಹೊದಿಸಿದ. ಮೇಲೆ ದಿಂಡಿನ ತುದಿಗೆ ಗಾಳಿ ತಾಗಬಾರದೆಂದು ತನ್ನ ಮಂಕಿ ಟೋಪಿ ತೊಡಿಸಿದ. ಮೂಲೆಯಲ್ಲಿ ಹಳೆಯ ಕಬ್ಬಿಣದ ಬುಟ್ಟಿಯ ತುಂಬ ಸಗಣಿಯ ಕುಳ್ಳು, ಬೇವಿನ ಸೊಪ್ಪು ಹಾಕಿ ಕೆಂಡ ಇಟ್ಟ. ಮೇಲಿನ ಗವಾಕ್ಷಿಗೆ ಗೋಣಿಚೀಲ ತುರುಕಿದ. ಅದು ಕೆಳಗೆ ಬೀಳತೊಡಗಿದಾಗ ಗೂಟದಿಂದ ಭೀಮಶಾನ ಛತ್ರಿಯನ್ನು ತಂದು ಅಡ್ಡ ಒತ್ತು ಕೊಟ್ಟ. ಹೊರಗೆ ಬಂದು ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಕೈಗೆ ಸಿಕ್ಕ ಹಳೇ ಬಟ್ಟೆಯೊಂದನ್ನು ನೀರಲ್ಲಿ ಅದ್ದಿ ಒತ್ತಿದ. ಇಷ್ಟು ದಿನ ಅವನ ಹೊಟ್ಟೆಯೊಳಗೆ ಇದ್ದ ಕಿಚ್ಚು ಈಗ ಬಚ್ಚಲಿಗೆ ಬಂದಿತ್ತು ಅನ್ನಿ.

ಒಂದು ತಾಸಾಯಿತು. ಇನ್ನಷ್ಟು ಕುಳ್ಳು ಬೇಕೆನ್ನಿಸಿತು. ಕುಳ್ಳು ಇದ್ದದ್ದು ಮಾಳಿಗೆಯ ಮೇಲೆ. ಕೂಡಿದ ಕಾಲನ್ನು ಒಂದೊಂದೇ ಮೆಟ್ಟಿಲಿಗೆ ಇಡುತ್ತ ಹತ್ತಿದ.

ಅಷ್ಟರಲ್ಲಿ ಕೆಳಗೆ ಗೋಣಿಚೀಲಕ್ಕೆ ಕಿಡಿ ತಾಗಿತು. ಗವಾಕ್ಷಿಯಿಂದ ಹೊಗೆ ಇಟ್ಟಿಗೆ ಭಟ್ಟಿಯಂತೆ ಓಣಿಗೆ ನುಗ್ಗಿತು. ದಾರಿಯಲ್ಲಿ ಬರುತ್ತಿದ್ದ ಅಮರನಾಥ ಅದನ್ನು ಕಂಡ. ಜೀವಮಾನದಲ್ಲೇ ಮೊದಲ ಬಾರಿಗೆ "ಹೌದ್ರಿ" ಬಿಟ್ಟು ಬೇರೆ ಮಾತು ಕೂಗಿದ:

"ಬೆಂಕಿ! ಬೆಂಕಿ! ಮಾಪಣ್ಣೋರ ಮನೀಗಿ ಬೆಂಕಿ!"

ಎದುರುಮನೆಯಿಂದ ಇಮಾಮುದ್ದೀನ್ ಲುಂಗಿ ಎತ್ತಿ ಕಟ್ಟುತ್ತ ಓಡಿ ಬಂದ. ಹಿಂದೆ ಫರೀದಾ, ಕೈಯಲ್ಲಿ ನೀರಿನ ಕೊಡ. ಒಳಗೆ ಎಲ್ಲೂ ಮಾಪಣ್ಣನಿಲ್ಲ. ಬಚ್ಚಲ ಬಾಗಿಲು ಮುಚ್ಚಿದೆ, ಸಂದಿಯಿಂದ ಹೊಗೆ! ಇಮಾಮುದ್ದೀನ್ ಕೂಗಿದ, ಉತ್ತರವಿಲ್ಲ. ನೂಕಿದ, ಒದ್ದೆ ಬಟ್ಟೆ ಕಚ್ಚಿಕೊಂಡ ಬಾಗಿಲು ಕದಲಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು ಒದ್ದ. ಬಾಗಿಲು ಬುಡಸಮೇತ ಒಳಗೆ ಬಿತ್ತು.

ಹೊಗೆಯ ನಡುವೆ, ಸ್ಟೂಲಿನ ಮೇಲೆ, ಕಂಬಳಿ ಹೊದ್ದು, ಮಂಕಿ ಟೋಪಿ ಹಾಕಿಕೊಂಡು, ಅಲುಗಾಡದೆ ಕುಳಿತ ಗೆಳೆಯ!

"ಯಾ ಅಲ್ಲಾ!"

ಇಮಾಮುದ್ದೀನ್ ಎರಡೂ ಕೈಯಲ್ಲಿ ಬಾಚಿ ತಬ್ಬಿ, ಹೆಗಲಿಗೆ ಹಾಕಿಕೊಂಡು ಓಣಿಗೆ ಓಡಿ ಬಂದ. ನೆಲದ ಮೇಲೆ ಮಲಗಿಸಿದ. ಫರೀದಾ ಕೊಡದ ನೀರನ್ನೆಲ್ಲ ಮೇಲೆ ಸುರಿದಳು. ಓಣಿಯ ಜನ ಸುತ್ತುಗಟ್ಟಿದರು.

ಈ ಗದ್ದಲಕ್ಕೆ ಮಾಪಣ್ಣ ಮಾಳಿಗೆಯ ಅಂಚಿಗೆ ಬಂದು ಕೆಳಗೆ ಬಗ್ಗಿ ನೋಡಿದ. ಬಾಯಿ ತೆರೆದ. ಕೂಗಬೇಕು ಎನ್ನುವಷ್ಟರಲ್ಲಿ ಇಮಾಮುದ್ದೀನನ ಅಳು ಕೇಳಿಸಿತು.

"ಲೇ ಮಾಪ್ಯಾ, ಮಾತಾಡೋ! ನೀ ಹೋದ್ರ ನಾ ಯಾರ ಜೋಡಿ ಜಗಳಾಡ್ಲೋ? ಈ ಅಮರನಾಥ ಸಾಬ್ರ ಜೋಡಿ ಜಗಳಾನೇ ಹತ್ತಂಗಿಲ್ಲೋ! ಏನಂದ್ರೂ ಹೌದ್ರಿ ಹೌದ್ರಿ ಅಂತಾರೋ!"

"ಹೌದ್ರಿ" ಎಂದ ಅಮರನಾಥ, ಕಣ್ಣೊರೆಸಿಕೊಳ್ಳುತ್ತ.

ಮಾಪಣ್ಣ ತೆರೆದ ಬಾಯಿ ಮುಚ್ಚಿದ. ಇನ್ನೂ ಸ್ವಲ್ಪ ಕೇಳೋಣವೆನ್ನಿಸಿತು. ಸುಳ್ಳು ಯಾಕೆ ಹೇಳಲಿ, ಬದುಕಿದ್ದಾಗಲೇ ಇಂಥ ಮಾತು ಕೇಳುವ ಭಾಗ್ಯ ಎಷ್ಟು ಜನಕ್ಕಿದೆ? ಸೂಗಪ್ಪನಿಗೂ ಸಿಕ್ಕಿರಲಿಲ್ಲ!

"ಕಿಟಕಿ ಸೀಟ ನಿಂದೇ ಮಾಪ್ಯಾ! ಮುಂದಿನ ಸೀಟೂ ನಿಂದೇ! ಏಳೋ!" ಎನ್ನುತ್ತ ಇಮಾಮುದ್ದೀನ್ ಕಂಬಳಿಯ ಎದೆಗೆ ಹಣೆ ಹಚ್ಚಿ ಬಿಕ್ಕಿದ. ಆಗ ನೋಡಿ, ಮಾಳಿಗೆಯ ಮೇಲೆ ನಿಂತವನಿಗೆ ಮತ್ತೆ ಹೊಟ್ಟೆಕಿಚ್ಚು ಹತ್ತಿತು. ಈ ಸಲ ಅಮರನಾಥನ ಮೇಲಲ್ಲ, ಗೊನೆಯ ಮೇಲೆ! ತನಗೆ ಬರಬೇಕಾದ ಅಪ್ಪುಗೆಯನ್ನೆಲ್ಲ ಅದೇ ನುಂಗುತ್ತಿತ್ತಲ್ಲ!

ಉಸಿರಾಡಲೆಂದು ಅಮರನಾಥ ಮೆಲ್ಲಗೆ ಮಂಕಿ ಟೋಪಿ ಎಳೆದ. ಮುಖವಿರಬೇಕಾದಲ್ಲಿ ದಿಂಡು!

ಫರೀದಾ ಬಗ್ಗಿ ನೋಡಿ, "ಜೀ, ಮಾಪಣ್ಣ ಭಾಯಿಗಿ ತಲೀನೇ ಇಲ್ಲ!" ಎಂದಳು.

"ಅದು ನನಗ ಮದಲೇ ಗೊತ್ತದ" ಎಂದಿತು ಹಿಂದಿನಿಂದ ಒಂದು ದನಿ. ಆಟೊದಿಂದ ಇಳಿದ ಶೇವಂತಾ!

ಇನ್ನು ತಡೆಯಲಾಗದೆ ಮಾಪಣ್ಣ ಮೇಲಿನಿಂದ ಕೂಗಿದ: "ಲೇ, ಹಗೂರ ಹಿಡಿರೋ! ಹಣ್ಣ ಜಜ್ಜತಾವ!"

ಇಮಾಮುದ್ದೀನ್ ತಲೆಯೆತ್ತಿದ. ಅತ್ತ ಕಣ್ಣಿನಲ್ಲೇ ಬೆಂಕಿ ಕಾಣಿಸಿತು. "ನೀ ಅಲ್ಲಿ ಅದಿ? ಎಷ್ಟೊತ್ತಾತು ಅಲ್ಲಿ ನಿಂತು?"

"ಈಗ ಬಂದೀನಿ."

"ಖರೇ ಹೇಳು!"

"...ಕಿಟಕಿ ಸೀಟಿನ ಮಾತ ಮುಗಿಯೋತನಾ ಇದ್ದೆ."

ಅವನು ಒಂದೊಂದೇ ಮೆಟ್ಟಿಲು ಇಳಿದು ಬರುವ ಹೊತ್ತಿಗೆ ಅಮರನಾಥ ಕಿಡಿಯ ಮೇಲೆಲ್ಲ ನೀರು ಹಾಕಿ ಮುಗಿಸಿದ್ದ. ಶೇವಂತಾ ಬಚ್ಚಲಿನಿಂದ ಒಂದು ಕೈಯಲ್ಲಿ ಕರಕಲು ಛತ್ರಿಯ ಕಡ್ಡಿ, ಇನ್ನೊಂದು ಕೈಯಲ್ಲಿ ಸಂದಿಗೆ ಒತ್ತಿದ್ದ ಬಟ್ಟೆ ಹಿಡಿದು ಹೊರಬಂದಳು.

"ಇದು ಏನು?"

"ಹಳೇ ಅರಿವಿ."

"ಇಳಕಲ್ ಸೀರಿ! ತ್ರಿವೇಣಿ ಮದವಿಗಿ ಫರೀದಾ ಅಕ್ಕ ಸೆರಗಿಗೆ ಕಸೂತಿ ಹಾಕಿಕೊಟ್ಟದ್ದು!"

ಋಣ ತೀರಿಸಲು ಹೋದವನು ಋಣವನ್ನೇ ಬಾಗಿಲ ಸಂದಿಗೆ ತುರುಕಿದ್ದ! ಮಾಪಣ್ಣ ನೆಲ ನೋಡಿದ. ನೆಲವೂ ಮಸಿಯಾಗಿತ್ತು.

ಗೊನೆ ಮಾತ್ರ ಕದಲಿರಲಿಲ್ಲ. ಹೊಗೆ ಕುಡಿದು, ನೀರು ಕುಡಿದು, ಕಣ್ಣೀರೂ ಕುಡಿದು ಹಾಗೇ ಕಲ್ಲಿನಂತೆ ಕುಳಿತಿತ್ತು. ಶೇವಂತಾ ಅದನ್ನೊಮ್ಮೆ ಒತ್ತಿ ನೋಡಿದಳು, ಗಂಡನನ್ನೊಮ್ಮೆ ನೋಡಿದಳು, ಈಳಿಗೆ ತೆಗೆದಳು. ಫರೀದಾಳೂ ಪಕ್ಕಕ್ಕೆ ಕುಳಿತಳು. ಸಿಪ್ಪೆ ಹೆರೆದು, ಹೋಳು ಹೆಚ್ಚಿ, ಬೆಳ್ಳುಳ್ಳಿ ಖಾರ ಹಾಕಿ ದೊಡ್ಡ ಪಾತ್ರೆಯಲ್ಲಿ ಪಲ್ಯ ಮಾಡಿದರು. ಬೆಂಕಿ ಆರಿಸಲು ಬಂದ ಓಣಿಯವರೆಲ್ಲ ರೊಟ್ಟಿಯ ಜೊತೆ ತಿಂದರು. "ಹೊಗಿ ವಾಸನಿ ಮಸ್ತ್ ಕುಂತದ ಬಿಡ್ರಿ" ಎಂದು ಬೆರಳು ನೆಕ್ಕಿದರು. ನಲವತ್ತನೆಯ ಡಬ್ಬಿಗೆ ಪಲ್ಯ ತುಂಬಿ ಶೇವಂತಾ ಫರೀದಾಳ ಕೈಗಿತ್ತಳು. ಮುಚ್ಚಳ ಮುಚ್ಚಲಾಗದಷ್ಟು ತುಂಬಿತ್ತು. ಇಡೀ ವಂಶದ ಮಾನ ಕಾಯಿಪಲ್ಯದಲ್ಲಿ ಉಳಿಯಿತು!

ಊಟವಾದ ಮೇಲೆ ಇಮಾಮುದ್ದೀನ್ ಲುಂಗಿ ಮೇಲಕ್ಕೆ ಕಟ್ಟಿ ಕಸಬರಿಗೆ ಹಿಡಿದು ಬಚ್ಚಲ ಕಡೆ ನಡೆದ. ಅಮರನಾಥ ಬಿಳಿ ಬೂಟು ಕಳಚಿಟ್ಟು, ಬಿದ್ದ ಬಾಗಿಲನ್ನು ಎತ್ತಿ ನಿಲ್ಲಿಸತೊಡಗಿದ. "ಹೊಸಾ ಕೀಲ ನಾ ತರ್ತೀನ್ರಿ" ಎಂದ.

ಮಾಪಣ್ಣ ಕುಂಟುತ್ತ ಓಡಿ ಬಂದು ಚೌಕಟ್ಟಿಗೆ ಎರಡೂ ಕೈ ಅಡ್ಡ ಹಾಕಿ ನಿಂತ. ಮುಖದ ತುಂಬ ಮಸಿ, ಮಸಿಯ ನಡುವೆ ಎರಡು ಒದ್ದೆ ಗೆರೆ.

"ಬ್ಯಾಡ್ರೋ, ಕೈ ಮುಗೀತೀನಿ, ಯಾರೂ ಉಪಕಾರ ಮಾಡಬ್ಯಾಡ್ರಿ! ಮಸಿ ನಾನೇ ತೊಳೀತೀನಿ, ಬಾಗಿಲಾ ನಾನೇ ಕೂಡಸ್ತೀನಿ. ನೀವು ಒಂದ ಕಸಬರಿಗಿ ಆಡಸಿದ್ರೂ ಅದನ್ನ ತೀರಸಾಕ ನಾ ಮತ್ತ ಕಮಲಾಪುರಕ್ಕ ಹೋಗಬೇಕಾಗ್ತದ. ಮನ್ಯಾಗ ಇನ್ನ ಉಳದದ್ದು ಮುಂದಿನ ಬಾಗಿಲಾ ಒಂದೇ!"